ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್? ಬಟವಾಡಿ ಸಭೆಯಲ್ಲಿ ಆಡಿದ ಮಾತು

(ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗಾಗಿ ಬಟವಾಡಿಯಲ್ಲಿ ನಡೆದ ಸಭೆಯಲ್ಲಿ ನಮ್ಮ ಸಂಸ್ಥೆಯ ಸಿಸ್ಟರ್ ಆಡಿದ ಮಾತುಗಳ ಬರಹ ರೂಪ. ಸಭೆಗೆ ಬರಲಾಗದ ಸದಸ್ಯೆಯರಿಗಾಗಿ ಇದನ್ನು ಸಂಘದ ವಾರದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕಾಗಿ ವಿನಂತಿ.)



ಗುಬ್ಬಿ ಕಡೆಯವರು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಬಟವಾಡಿಗೆ ಬಂದಿದ್ದೀರಿ. ಕುಣಿಗಲ್ ಕಡೆಯವರು ಬೆಳಿಗ್ಗೆ ಹಾಲು ಡೈರಿಗೆ ಹಾಕಿ, ಅಡಿಗೆ ಮುಗಿಸಿ ಓಡಿ ಬಂದಿದ್ದೀರಿ. ಬಂದ ಕೂಡಲೇ ಒಬ್ಬ ಅಮ್ಮ ನಮ್ಮನ್ನು ಕೇಳಿದರು, "ಸಿಸ್ಟರ್, ಇವತ್ತು ಸಾಲದ ವಿಷಯಾನಾ, ಆರೋಗ್ಯದ ವಿಷಯಾನಾ?" ಎಂದು. ಎರಡೂ ಹೌದು ಅಂದೆವು. ಇವತ್ತಿನ ವಿಷಯ ಕಂಪ್ಯೂಟರಿನ ಆರೋಗ್ಯ. ಆದರೆ ಅದು ಕೆಟ್ಟರೆ ಸಾಲದ ಲೆಕ್ಕವೂ ಕೆಡುತ್ತದೆ ಎಂಬುದನ್ನು ಈ ವರ್ಷ ಒಂದು ಸಂಘದಲ್ಲಿ ನಾವು ಕಣ್ಣಾರೆ ನೋಡಿದ್ದೇವೆ.

ಮೊದಲು ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಕಂಪ್ಯೂಟರೋ ಲ್ಯಾಪ್‌ಟಾಪೋ ಇದೆ ಎಂದು ಕೇಳಿದಾಗ, ನಾವು ಎಣಿಸಿದ್ದಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಹೆಚ್ಚಿನವು 2020-21ರ ಕೊರೋನಾ ಕಾಲದಲ್ಲಿ ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಸಂಘದಲ್ಲಿ ಸಾಲ ತೆಗೆದು ಕೊಂಡವು. ಕಂತು ಕಟ್ಟಿದವರು ನೀವು. ಆದರೆ "ಅದರಲ್ಲಿ ಆಂಟಿವೈರಸ್ ಇದೆಯಾ?" ಎಂದು ಕೇಳಿದರೆ "ಮಗನ್ನ ಕೇಳಬೇಕು ಸಿಸ್ಟರ್" ಅನ್ನುತ್ತೀರಿ. ಒಬ್ಬರಂತೂ "ಅದರ ಪಾಸ್‌ವರ್ಡೂ ನನಗೆ ಗೊತ್ತಿಲ್ಲ" ಅಂದರು. ಹಸು ಕೊಂಡಾಗ ಹೀಗೆ ಮಾಡುತ್ತೀರಾ? ಹಲ್ಲು ನೋಡಿ, ಕೆಚ್ಚಲು ನೋಡಿ, ಲಸಿಕೆ ಹಾಕಿಸಿದ್ದಾರಾ ಎಂದು ಕೇಳಿ, ಇನ್ಶೂರೆನ್ಸ್ ಓಲೆ ಹಾಕಿಸಿ ಮನೆಗೆ ತರುತ್ತೀರಿ. ಅಷ್ಟೇ ದುಡ್ಡಿನ ಕಂಪ್ಯೂಟರನ್ನು ಮಾತ್ರ ಮಗನ ಕೋಣೆಗೆ ಬಿಟ್ಟು ಬಾಗಿಲು ಹಾಕಿಬಿಟ್ಟಿದ್ದೇವೆ.

ಈಗ ಆ ಸಂಘದ ವಿಷಯ ಹೇಳುತ್ತೇವೆ. ಊರಿನ ಹೆಸರು, ಸಂಘದ ಹೆಸರು ಬೇಡ. ಅವರ ಅನುಮತಿ ಕೇಳಿಯೇ ಹೇಳುತ್ತಿದ್ದೇವೆ.

ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಹದಿನಾರು ಸದಸ್ಯೆಯರ ಸಂಘ. ಲೆಕ್ಕ ಬರೆಯುವ ತಂಗಿ ಪಿಯುಸಿ ಓದಿದವಳು, ಅಕ್ಷರ ಮುತ್ತಿನಂತೆ. ಮನೆಗೆ ಕಂಪ್ಯೂಟರ್ ಬಂದ ಮೇಲೆ ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಅದರಲ್ಲೇ ಬರೆಯಲು ಶುರು ಮಾಡಿದಳು. ನಡಾವಳಿಯನ್ನು ನುಡಿಯಲ್ಲಿ ಟೈಪ್ ಮಾಡುತ್ತಿದ್ದಳು. ಕೂಡುವುದು ಕಳೆಯುವುದು ಎಲ್ಲಾ ಎಕ್ಸೆಲ್ಲಿನಲ್ಲಿ. ನಾವೂ ಮೆಚ್ಚಿಕೊಂಡೆವು, ಬೇರೆ ಸಂಘದವರಿಗೆ "ಅವಳನ್ನು ನೋಡಿ ಕಲಿಯಿರಿ" ಎಂದು ಹೇಳಿದವರೂ ನಾವೇ. ಕ್ರಮೇಣ ನಗದು ಪುಸ್ತಕ, ಲೆಡ್ಜರ್ ಬರೆಯುವುದು ನಿಂತಿತು. ಅದನ್ನು ನಾವು ಗಮನಿಸಲಿಲ್ಲ. ಅದು ನಮ್ಮ ತಪ್ಪು.

ಒಂದು ದಿನ ಅವಳ ಮಗ ಫೋಟೋ ತಿದ್ದುವ ಒಂದು ಸಾಫ್ಟ್‌ವೇರ್ ಬೇಕೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದ. ಕೊಂಡರೆ ಸಾವಿರಾರು ರೂಪಾಯಿ. "ಕ್ರ್ಯಾಕ್" ಮಾಡಿದ್ದು ಪುಕ್ಕಟೆ ಸಿಕ್ಕಿತು. ಅದರ ಜೊತೆಯಲ್ಲಿದ್ದ ಸೂಚನೆಯಲ್ಲಿ "ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ" ಎಂದು ಬರೆದಿತ್ತು. ಹುಡುಗ ಹಾಗೇ ಮಾಡಿದ. ಕಳ್ಳ ಬಾಗಿಲಿಗೆ ಬಂದು "ನಾಯಿ ಕಟ್ಟಿಹಾಕಿ, ಒಳಗೆ ಬರ್ತೀನಿ" ಅಂದ ಹಾಗಾಯಿತು. ನಾವು ಕಟ್ಟಿಹಾಕಿದೆವು.

ಮರುದಿನ ಬೆಳಿಗ್ಗೆ ನೋಡಿದರೆ ಒಂದು ಫೈಲೂ ತೆರೆಯುತ್ತಿಲ್ಲ. ಸಂಘದ ಲೆಕ್ಕ, ಮಗಳ ನಾಮಕರಣದ ಫೋಟೋ, ಸ್ಕ್ಯಾನ್ ಮಾಡಿಟ್ಟ ಪಹಣಿ, ಎಲ್ಲದರ ಹೆಸರಿನ ಹಿಂದೆ ಅರ್ಥವಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿತ್ತು. ಪ್ರತಿ ಫೋಲ್ಡರಿನಲ್ಲೂ ಇಂಗ್ಲಿಷಿನಲ್ಲಿ ಒಂದು ಚೀಟಿ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಾದರೆ 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ, 490 ಡಾಲರ್. ನಮ್ಮ ದುಡ್ಡಿನಲ್ಲಿ ಅರ್ಧ ಬೆಲೆಯೇ ನಲವತ್ತು ಸಾವಿರ ದಾಟುತ್ತದೆ. ಇದಕ್ಕೆ ರಾನ್ಸಮ್‌ವೇರ್ ಎನ್ನುತ್ತಾರೆ, ಅಂದರೆ ಒತ್ತೆಹಣ ಕೇಳುವ ವೈರಸ್. ಇದರ ಒಂದು ಜಾತಿ ಹೀಗೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಿನೊಳಗೆ ಅಡಗಿ ಕುಳಿತು ಸಾಮಾನ್ಯ ಜನರ ಮನೆಯ ಕಂಪ್ಯೂಟರುಗಳನ್ನೇ ಹಿಡಿಯುತ್ತದೆ. ದೊಡ್ಡ ಕಂಪೆನಿಗಳಿಗೆ ಮಾತ್ರ ಇಂಥದ್ದು ಆಗುತ್ತದೆ ಎಂದು ಯಾರೂ ತಿಳಿಯಬೇಡಿ.

ಹಣ ಕೊಡಬೇಡಿ ಎಂದೆವು. ಕೊಟ್ಟರೂ ಬೀಗದ ಕೈ ಬರುತ್ತದೆ ಎಂಬ ಖಾತ್ರಿ ಇಲ್ಲ. 2016ರಲ್ಲಿ ಯೂರೋಪಿನ ಪೊಲೀಸರೂ ಕೆಲವು ಆಂಟಿವೈರಸ್ ಕಂಪೆನಿಗಳೂ ಸೇರಿ 'ನೋ ಮೋರ್ ರಾನ್ಸಮ್' ಎಂಬ ಯೋಜನೆ ಶುರು ಮಾಡಿದರು. ಇಂಥ ಬೀಗಗಳಲ್ಲಿ ಕೆಲವಕ್ಕೆ ಅಲ್ಲಿ ಬೀಗದ ಕೈ ಪುಕ್ಕಟೆ ಸಿಗುತ್ತದೆ. ನಮ್ಮ ಕಚೇರಿಯ ಹುಡುಗ ಎರಡು ದಿನ ಪ್ರಯತ್ನಿಸಿದ. ಈ ಬೀಗಕ್ಕೆ ಸಿಗಲಿಲ್ಲ.

ಇಷ್ಟರಲ್ಲಿ ಊರಿನಲ್ಲಿ ಮಾತು ಶುರುವಾಗಿತ್ತು. "ಲೆಕ್ಕ ತೋರ್ಸು ಅಂದ್ರೆ ಕಂಪ್ಯೂಟರ್ ಕೆಟ್ಟೋಯ್ತು ಅಂತಾಳೆ." "ಮೊನ್ನೆ ತಾನೇ ಮನೆಗೆ ಸುಣ್ಣ ಬಣ್ಣ ಹೊಡ್ಸಿದ್ಲು, ದುಡ್ಡೆಲ್ಲಿಂದ ಬಂತು?" ಹನ್ನೊಂದು ವರ್ಷ ಒಂದು ಪೈಸೆ ತಪ್ಪದೆ ಲೆಕ್ಕ ಬರೆದವಳು, ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುವಂತಾಯಿತು. ಬ್ಯಾಂಕಿನಲ್ಲಿ ಮುಂದಿನ ಸಾಲಕ್ಕೆ ಅರ್ಜಿ ಹಾಕುವ ಹೊತ್ತು ಬೇರೆ. ಪುಸ್ತಕ ಇಲ್ಲದೆ ಮ್ಯಾನೇಜರರ ಮುಂದೆ ಹೇಗೆ ಕೂರುವುದು? ಸಹೋದರಿಯರೇ, ವೈರಸ್ ತಿಂದದ್ದು ಫೈಲನ್ನು. ಆದರೆ ಸಂಘದಲ್ಲಿ ಒಬ್ಬರ ಮೇಲೊಬ್ಬರಿಗಿದ್ದ ನಂಬಿಕೆಗೂ ಅದು ಬಾಯಿ ಹಾಕಿತು. ಅದಕ್ಕಾಗಿಯೇ ಈ ವಿಷಯವನ್ನು ಗಂಡು ಮಕ್ಕಳ ಸಭೆಯಲ್ಲಿ ಅಲ್ಲ, ನಿಮ್ಮ ಸಭೆಯಲ್ಲಿ ತೆಗೆದದ್ದು.

ಮುಂದೆ ಏನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇವೆ. ಈಗ ಆಂಟಿವೈರಸ್ ಎಂದರೆ ಏನು, ಯಾವುದನ್ನು ಆರಿಸಬೇಕು ಎಂದು ನೋಡೋಣ.

ವೈರಸ್ ಎಂದರೆ ಹುಳವಲ್ಲ, ಧೂಳಿನಿಂದ ಬರುವುದಲ್ಲ. ಅದೂ ಮನುಷ್ಯರು ಬರೆದ ಒಂದು ಪ್ರೋಗ್ರಾಮ್. ಸಾಮಾನ್ಯ ಕಂಪ್ಯೂಟರುಗಳಲ್ಲಿ ಹರಡಿದ ಮೊದಮೊದಲಿನ ವೈರಸ್‌ಗಳಲ್ಲಿ ಒಂದು 'ಬ್ರೇನ್' ಎಂಬುದು, 1986ರಲ್ಲಿ ಪಾಕಿಸ್ತಾನದ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದದ್ದು. ಆಗ ಅದು ಫ್ಲಾಪಿಯಿಂದ ಫ್ಲಾಪಿಗೆ ಹೋಗುತ್ತಿತ್ತು. ಆಮೇಲೆ ಪೆನ್‌ಡ್ರೈವ್ ಬಂತು. ಜೆರಾಕ್ಸ್ ಅಂಗಡಿಯಲ್ಲಿ ಮಗಳ ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ಕೊಟ್ಟು, ಮನೆಗೆ ತಂದು ಹಾಕಿದರೆ ಫೋಲ್ಡರುಗಳೆಲ್ಲಾ ಮಾಯವಾಗಿ ಬರೀ ಶಾರ್ಟ್‌ಕಟ್ ಕಾಣಿಸುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಈಗ ಇಮೇಲಿನ ಕೊಂಡಿ, ವಾಟ್ಸಾಪಿನ ಫೈಲು, ಪುಕ್ಕಟೆ ಸಿನಿಮಾ, ಪುಕ್ಕಟೆ ಸಾಫ್ಟ್‌ವೇರ್, ಹೀಗೆ ಹಲವು ದಾರಿ.

ಆಂಟಿವೈರಸ್ ಎಂದರೆ ಕಾವಲುಗಾರ. ಇಲ್ಲೇ ಬಟವಾಡಿಯ ಎಪಿಎಂಸಿ ಯಾರ್ಡ್ ಇದೆಯಲ್ಲ, ಅದರ ಗೇಟಿನಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿ ಅವನ ಕೈಗೆ ಗೊತ್ತಿರುವ ಕಳ್ಳರ ಫೋಟೋಗಳ ಪಟ್ಟಿ ಕೊಟ್ಟರೆ ಹೇಗೋ ಹಾಗೆ. ಒಳಗೆ ಬರುವ ಪ್ರತಿಯೊಂದು ಫೈಲನ್ನೂ ಪಟ್ಟಿಯ ಜೊತೆ ಹೋಲಿಸುತ್ತದೆ. ಆದರೆ ದಿನಾ ಹೊಸ ಕಳ್ಳರು ಹುಟ್ಟುತ್ತಾರೆ. ಆದುದರಿಂದ ಪಟ್ಟಿ ದಿನಾ ಹೊಸದಾಗಬೇಕು. ಅದನ್ನೇ 'ಅಪ್‌ಡೇಟ್' ಎನ್ನುವುದು. ಇದಲ್ಲದೆ ಒಳ್ಳೆಯ ಆಂಟಿವೈರಸ್ ಇನ್ನೊಂದು ಕೆಲಸ ಮಾಡುತ್ತದೆ. ಪಟ್ಟಿಯಲ್ಲಿ ಇಲ್ಲದವನಾದರೂ ನಡತೆ ನೋಡುತ್ತದೆ. ಮಧ್ಯರಾತ್ರಿ ಒಬ್ಬ ಬಂದು ಒಂದೊಂದೇ ಮಳಿಗೆಗೆ ಬೀಗ ಬದಲಾಯಿಸುತ್ತಾ ಹೋದರೆ ಅವನ ಫೋಟೋ ಪಟ್ಟಿಯಲ್ಲಿ ಇಲ್ಲದಿದ್ದರೂ ಹಿಡಿಯಬೇಕಲ್ಲವೇ? ಅಪ್‌ಡೇಟ್ ಆಗದ ಆಂಟಿವೈರಸ್ ಎಂದರೆ ಹೋದ ವರ್ಷದ ಪಟ್ಟಿ ಹಿಡಿದು ನಿದ್ದೆ ಮಾಡುವ ಕಾವಲುಗಾರ. ಅವನಿಗೆ ಸಂಬಳ ದಂಡ.

ಈಗ ಆರಿಸುವ ವಿಷಯ. ಅಂಗಡಿಗೆ ಹೋದರೆ "ಮೇಡಂ, ಇದು ತಗೊಳ್ಳಿ, ಅದು ತಗೊಳ್ಳಿ" ಎಂದು ನಾಲ್ಕು ಡಬ್ಬ ಮುಂದಿಡುತ್ತಾರೆ. ಕೊಳ್ಳುವ ಮೊದಲು ಮನೆಯಲ್ಲಿ ಏನಿದೆ ಎಂದು ನೋಡಿ. ಅಡಿಗೆಮನೆಯಲ್ಲಿ ಉಪ್ಪು ಇದ್ದೂ ಉಪ್ಪು ಕೊಳ್ಳಲು ಹೋಗುತ್ತೀರಾ? ನಿಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ 10 ಅಥವಾ 11 ಇದ್ದರೆ, ಮೈಕ್ರೋಸಾಫ್ಟ್ ಕಂಪೆನಿಯದೇ 'ಡಿಫೆಂಡರ್' ಎಂಬ ಆಂಟಿವೈರಸ್ ಅದರೊಳಗೇ ಇರುತ್ತದೆ. ಬೇರೆ ದುಡ್ಡು ಕೊಡಬೇಕಾಗಿಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಇದು ಒಳಗೇ ಬರುತ್ತಿದೆ. ಮೊದಮೊದಲು ಇದನ್ನು ತಿಳಿದವರು ಹಗುರವಾಗಿ ಮಾತಾಡುತ್ತಿದ್ದರು; ನಾವೂ ನಂಬಿರಲಿಲ್ಲ. ಆದರೆ ಆಂಟಿವೈರಸ್‌ಗಳನ್ನು ಪರೀಕ್ಷಿಸಿ ಅಂಕ ಕೊಡುವ ಸಂಸ್ಥೆಗಳಿವೆ: ಜರ್ಮನಿಯಲ್ಲಿ ಎವಿ-ಟೆಸ್ಟ್, ಆಸ್ಟ್ರಿಯಾದಲ್ಲಿ ಎವಿ-ಕಂಪ್ಯಾರೆಟಿವ್ಸ್. ಅವರ ಫಲಿತಾಂಶ ಯಾರು ಬೇಕಾದರೂ ನೋಡಬಹುದು. ಈಚಿನ ವರ್ಷಗಳಲ್ಲಿ ಡಿಫೆಂಡರ್ ಅಲ್ಲಿ ಒಳ್ಳೆಯ ಅಂಕಗಳನ್ನೇ ಪಡೆಯುತ್ತಿದೆ. ಮನೆಯಲ್ಲಿ ಮಕ್ಕಳ ಓದು, ಸಂಘದ ಲೆಕ್ಕ, ಅಷ್ಟಕ್ಕೆ ಇದು ಸಾಕು ಎಂಬುದು ನಮ್ಮ ಅಭಿಪ್ರಾಯ.

ಸಾಕು, ಆದರೆ ಎಚ್ಚರವಾಗಿರಬೇಕು. ಇವತ್ತು ಮನೆಗೆ ಹೋದ ಮೇಲೆ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಮೌಸ್ ನಿಮ್ಮ ಕೈಯಲ್ಲೇ ಇರಲಿ, ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯುರಿಟಿ' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ. ತೆರೆದ ಪುಟದಲ್ಲಿ ಹಸಿರು ಗುರುತು ಇದ್ದರೆ ಸರಿ. ಹಳದಿಯೋ ಕೆಂಪೋ ಇದ್ದರೆ ಅದು ಏನೋ ಕೇಳುತ್ತಿದೆ. 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್' ಎಂಬಲ್ಲಿ ಹೋಗಿ 'ರಿಯಲ್ ಟೈಮ್ ಪ್ರೊಟೆಕ್ಷನ್' ಆನ್ ಇದೆಯಾ ನೋಡಿ. ಅದೇ ಪುಟದ ಕೆಳಗೆ ರಾನ್ಸಮ್‌ವೇರ್ ತಡೆಯುವ ಭಾಗವೂ ಇದೆ. 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಎಂದು ಅದರ ಹೆಸರು. ಸಾಮಾನ್ಯವಾಗಿ ಅದು ಆಫ್ ಆಗಿರುತ್ತದೆ. ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಮುಗಳು ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ಮುಟ್ಟಲಾರವು. ಒಂದು ತೊಂದರೆ ಏನೆಂದರೆ, ನುಡಿ ಅಥವಾ ಬರಹದಂಥ ಪ್ರೋಗ್ರಾಮನ್ನೂ ಒಮ್ಮೊಮ್ಮೆ ಕಳ್ಳ ಅಂದುಕೊಂಡು ತಡೆಯಬಹುದು. ಆಗ ಗಾಬರಿಯಾಗಿ ಎಲ್ಲವನ್ನೂ ಆಫ್ ಮಾಡಬೇಡಿ. ಆ ಒಂದು ಪ್ರೋಗ್ರಾಮಿಗೆ ಮಾತ್ರ ಅಲ್ಲೇ ಅನುಮತಿ ಕೊಡಬಹುದು.

ಇನ್ನೊಂದು ಸಂಗತಿ. ಹೊಸ ಲ್ಯಾಪ್‌ಟಾಪ್ ಕೊಂಡಾಗ ಅದರಲ್ಲಿ ಯಾವುದೋ ಕಂಪೆನಿಯ ಆಂಟಿವೈರಸ್ ಕೆಲವು ದಿನಗಳ ಮಟ್ಟಿಗೆ ಪುಕ್ಕಟೆಯಾಗಿ ಇರುತ್ತದೆ. ಅದು ಇರುವಾಗ ಡಿಫೆಂಡರ್ ಪಕ್ಕಕ್ಕೆ ಸರಿದು ಕೂರುತ್ತದೆ. ಅವಧಿ ಮುಗಿದ ಮೇಲೆ ಅದು ದಿನಾ "ದುಡ್ಡು ಕಟ್ಟಿ" ಎನ್ನುತ್ತದೆ, ನೀವು ದಿನಾ ಮುಚ್ಚುತ್ತೀರಿ. ಕಟ್ಟುವುದಾದರೆ ಕಟ್ಟಿ. ಇಲ್ಲವಾದರೆ ಅದನ್ನು ಪೂರ್ತಿ ತೆಗೆದುಹಾಕಿ; ಆಗ ಡಿಫೆಂಡರ್ ಮತ್ತೆ ಎದ್ದು ನಿಲ್ಲುತ್ತದೆ. ಹೆಚ್ಚು ಕಾವಲು ಇರಲಿ ಎಂದು ಎರಡು ಆಂಟಿವೈರಸ್ ಹಾಕಿಸುವವರೂ ಇದ್ದಾರೆ. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರದು. ಒಂದು ಇನ್ನೊಂದನ್ನು ಅನುಮಾನಿಸಿ ಎರಡೂ ಜಗಳಕ್ಕೆ ಬಿದ್ದು ಕಂಪ್ಯೂಟರ್ ಎತ್ತಿನ ಗಾಡಿಯಂತೆ ನಡೆಯುತ್ತದೆ.

"ಹಾಗಾದರೆ ದುಡ್ಡು ಕೊಟ್ಟು ಕೊಳ್ಳುವುದು ತಪ್ಪಾ ಸಿಸ್ಟರ್?" ಎಂದು ಕುಣಿಗಲ್ಲಿನ ಒಬ್ಬ ಅಕ್ಕ ಕೇಳಿದರು. ತಪ್ಪಲ್ಲ. ಮನೆಯಲ್ಲೇ ಟೈಪಿಂಗ್, ಡಿಟಿಪಿ ಕೆಲಸ ಮಾಡಿಕೊಂಡು ಹತ್ತಾರು ಜನರ ಪೆನ್‌ಡ್ರೈವ್ ಹಾಕಬೇಕಾದವರು, ಕೆಟ್ಟಾಗ ಫೋನಿನಲ್ಲಿ ಹೇಳಿಕೊಡಲು ಒಬ್ಬರು ಬೇಕು ಎನ್ನುವವರು, ಮಕ್ಕಳು ಏನು ನೋಡುತ್ತಾರೆ ಎಂಬುದಕ್ಕೆ ಕಡಿವಾಣ ಬೇಕು ಎನ್ನುವವರು ಕೊಳ್ಳಬಹುದು. ವರ್ಷಕ್ಕೆ ಕೆಲವು ನೂರು ರೂಪಾಯಿಯಿಂದ ಹಿಡಿದು ಸಾವಿರ ದಾಟುವವರೆಗೂ ಇದೆ. ನಮ್ಮ ದೇಶದ ಕಂಪೆನಿಗಳೇ ಇವೆ. ಚೆನ್ನೈಯಲ್ಲಿ ಕೆ7, ಪುಣೆಯಲ್ಲಿ ಕ್ವಿಕ್ ಹೀಲ್. ಈ ಕ್ವಿಕ್ ಹೀಲ್ ಶುರುವಾದ ಕತೆ ನಮ್ಮ ಸಂಘದವರಿಗೆ ಹಿಡಿಸುತ್ತದೆ. ಕೈಲಾಶ್ ಕಾಟ್ಕರ್ ಎಂಬುವರು ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತಿದ್ದವರು. ಆಮೇಲೆ ಕಂಪ್ಯೂಟರ್ ರಿಪೇರಿಗೆ ಇಳಿದರು. ರಿಪೇರಿಗೆ ಬರುವ ಕಂಪ್ಯೂಟರುಗಳಲ್ಲಿ ವೈರಸ್ ಕಾಟ ನೋಡಿ, ಕಂಪ್ಯೂಟರ್ ಓದಿದ ತಮ್ಮ ಸಂಜಯ್ 1990ರ ದಶಕದಲ್ಲಿ ಅದಕ್ಕೆ ಮದ್ದು ಬರೆದರು. 2016ರಲ್ಲಿ ಆ ಕಂಪೆನಿ ಷೇರು ಪೇಟೆಗೂ ಬಂತು. ಇದನ್ನು ಹೇಳಿದ್ದು ಅದನ್ನೇ ಕೊಳ್ಳಿ ಎಂದಲ್ಲ. ನಮಗೆ ಯಾವ ಕಂಪೆನಿಯಿಂದಲೂ ಕಮಿಷನ್ ಬರುವುದಿಲ್ಲ!

ಕೊಳ್ಳುವುದೇ ಆದರೆ ಬಾಯಿ ಬಿಟ್ಟು ಕೇಳಿ. ಒಂದು ಕಂಪ್ಯೂಟರಿಗೋ ಮೂರಕ್ಕೋ? ಒಂದು ವರ್ಷಕ್ಕೋ ಮೂರು ವರ್ಷಕ್ಕೋ? ಎರಡನೇ ವರ್ಷ ಎಷ್ಟು ಕಟ್ಟಬೇಕು? ಮೊದಲ ವರ್ಷ ಕಡಿಮೆ ಹೇಳಿ ಎರಡನೇ ವರ್ಷ ಎರಡರಷ್ಟು ತೆಗೆದುಕೊಳ್ಳುವುದುಂಟು. ಕಾರ್ಡಿನಲ್ಲಿ ಕಟ್ಟಿದರೆ ಮುಂದಿನ ವರ್ಷ ಅದೇ ತಾನಾಗಿ ಹಣ ಎಳೆದುಕೊಳ್ಳುತ್ತದೆಯೋ ಎಂದು ಕೇಳಿ. ಡಬ್ಬದ ಮೇಲಿರುವ ಸಹಾಯದ ಫೋನ್ ನಂಬರಿಗೆ ಕೊಳ್ಳುವ ಮೊದಲೇ ಅಂಗಡಿಯಲ್ಲೇ ನಿಂತು ಫೋನ್ ಮಾಡಿ, "ಕನ್ನಡದಲ್ಲಿ ಮಾತಾಡ್ತೀರಾ?" ಎಂದು ಕೇಳಿ. ಕೆಟ್ಟ ದಿನ ಇಂಗ್ಲಿಷಿನಲ್ಲಿ ಕಷ್ಟ ಹೇಳಿಕೊಳ್ಳಲು ಆಗುವುದಿಲ್ಲ. ರಸೀದಿ ತಪ್ಪದೆ ತೆಗೆದುಕೊಳ್ಳಿ. ನೂರು ನೂರೈವತ್ತಕ್ಕೆ ವಾಟ್ಸಾಪಿನಲ್ಲಿ ಆಂಟಿವೈರಸ್ 'ಕೀ' ಮಾರುವವರ ಹತ್ತಿರ ಹೋಗಲೇಬೇಡಿ. ಕ್ರ್ಯಾಕ್ ಮಾಡಿದ ಆಂಟಿವೈರಸ್ ಎಂದರೆ ಕಳ್ಳನಿಗೇ ಕಾವಲು ಸಮವಸ್ತ್ರ ತೊಡಿಸಿದ ಹಾಗೆ.

ಪುಕ್ಕಟೆಯ ವಿಷಯದಲ್ಲೂ ಒಂದು ಮಾತು. ಆಂಟಿವೈರಸ್ ನಿಮ್ಮ ಮನೆಯ ಎಲ್ಲ ಕೋಣೆಗೂ ಹೋಗಬಲ್ಲದು. ಅದು ನೋಡದ ಫೈಲಿಲ್ಲ. ಆದುದರಿಂದ ಅದನ್ನು ಮಾಡಿದವರು ಯಾರು, ಅವರಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಅವಾಸ್ಟ್ ಎಂಬುದು ಲೋಕದಲ್ಲೆಲ್ಲಾ ಹೆಸರಾದ ಪುಕ್ಕಟೆ ಆಂಟಿವೈರಸ್. ಜನರು ಇಂಟರ್ನೆಟ್ಟಿನಲ್ಲಿ ಏನೇನು ನೋಡುತ್ತಾರೆ ಎಂಬ ಮಾಹಿತಿಯನ್ನು ಆ ಕಂಪೆನಿ ತನ್ನ ಇನ್ನೊಂದು ಶಾಖೆಯ ಮೂಲಕ ಮಾರಿಕೊಂಡಿತು ಎಂದು ಅಮೆರಿಕದ ಸರ್ಕಾರದ ವ್ಯಾಪಾರ ಆಯೋಗ ದೂರು ಹೂಡಿತು. 2024ರಲ್ಲಿ ಕಂಪೆನಿ 1 ಕೋಟಿ 65 ಲಕ್ಷ ಡಾಲರ್ ಕಟ್ಟಬೇಕಾಯಿತು. ಮಾರುವ ಶಾಖೆಯನ್ನು 2020ರಲ್ಲೇ ಮುಚ್ಚಿದ್ದರು, ನಿಜ. ಆದರೂ ಪುಕ್ಕಟೆ ಊಟಕ್ಕೆ ಕರೆದವರು ನಮ್ಮ ಮನೆಯ ಮಾತನ್ನೆಲ್ಲಾ ಹೊರಗೆ ಮಾರಿದರೆ ಆ ಊಟ ಯಾಕೆ ಬೇಕು?

ನಮ್ಮ ಸರ್ಕಾರವೂ 2017ರಲ್ಲಿ 'ಸೈಬರ್ ಸ್ವಚ್ಛತಾ ಕೇಂದ್ರ' ಎಂದು ಶುರು ಮಾಡಿದೆ. ಕಂಪ್ಯೂಟರಿಗೆ ಈಗಾಗಲೇ ಸೋಂಕು ತಗಲಿದೆ ಎಂಬ ಅನುಮಾನ ಇದ್ದರೆ ಅಲ್ಲಿ ಪರೀಕ್ಷಿಸಿ ತೆಗೆಯುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. ಇದು ಹೆಚ್ಚು ಜನರಿಗೆ ಗೊತ್ತಿಲ್ಲ. ಮಕ್ಕಳಿಗೆ ಹೇಳಿ.

ಈಗ ಹಳೇ ಕಂಪ್ಯೂಟರ್ ಇಟ್ಟುಕೊಂಡವರು ಸ್ವಲ್ಪ ಕಿವಿಗೊಟ್ಟು ಕೇಳಿ. ಆಂಟಿವೈರಸ್ ಕಾವಲುಗಾರನಾದರೆ ವಿಂಡೋಸ್ ಎಂಬುದು ಮನೆಯ ಗೋಡೆ. ಗೋಡೆಯಲ್ಲಿ ಬಿರುಕು ಬಿಟ್ಟಾಗಲೆಲ್ಲಾ ಮೈಕ್ರೋಸಾಫ್ಟಿನವರು ಗಾರೆ ಹಾಕಿ ಮುಚ್ಚುತ್ತಿರುತ್ತಾರೆ. ವಿಂಡೋಸ್ 7ಕ್ಕೆ ಗಾರೆ ಹಾಕುವುದನ್ನು 2020ರ ಜನವರಿ 14ಕ್ಕೆ ನಿಲ್ಲಿಸಿದರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದರು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಎಂದು ಒಂದು ವರ್ಷದ ಅವಕಾಶ ಕೊಟ್ಟರು. ವಿಂಡೋಸ್ 10ರ ಡಿಫೆಂಡರಿಗೆ ಕಳ್ಳರ ಪಟ್ಟಿಯನ್ನು ಮಾತ್ರ 2028ರವರೆಗೂ ಕೊಡುತ್ತೇವೆ ಎಂದಿದ್ದಾರೆ. ಇದನ್ನು ಕೇಳಿ ಸಮಾಧಾನ ಮಾಡಿಕೊಳ್ಳಬೇಡಿ. ಗೋಡೆ ಬಿರುಕು ಬಿಟ್ಟ ಮನೆಗೆ ಎಷ್ಟು ದುಬಾರಿ ಕಾವಲುಗಾರನನ್ನು ಇಟ್ಟರೇನು? 2017ರ ಮೇ ತಿಂಗಳಲ್ಲಿ 'ವಾನ್ನಾಕ್ರೈ' ಎಂಬ ರಾನ್ಸಮ್‌ವೇರ್ ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿ ಹರಡಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಕೆಲಸವನ್ನೇ ನಿಲ್ಲಿಸಿದ್ದು ಇಂಥ ಬಿರುಕಿನಿಂದ. ಅದಕ್ಕೆ ಬೇಕಾದ ಗಾರೆ ಎರಡು ತಿಂಗಳ ಮೊದಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ವಿಂಡೋಸ್ 11 ಹಳೇ ಕಂಪ್ಯೂಟರುಗಳಲ್ಲಿ ಹಲವಕ್ಕೆ ಹಿಡಿಸುವುದಿಲ್ಲ. ಅಂಥವರು ಹೊಸದು ಕೊಳ್ಳಲು ಮತ್ತೆ ಸಾಲ ಮಾಡಬೇಕೆಂದಿಲ್ಲ. 'ಲಿನಕ್ಸ್' ಎಂಬುದು ಪುಕ್ಕಟೆ, ಕಾನೂನಿಗೆ ಸರಿಯಾದದ್ದು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷದಿಂದ ಅದರಲ್ಲೇ ಕಲಿಯುತ್ತಿದ್ದಾರೆ. ಆದರೆ ಕೆಲವು ವಿಂಡೋಸ್ ಪ್ರೋಗ್ರಾಮುಗಳು ಅದರಲ್ಲಿ ನಡೆಯುವುದಿಲ್ಲ, ಕೈ ಪಳಗಲು ಸಮಯ ಬೇಕು. ಅದಕ್ಕೂ ಮನಸ್ಸಿಲ್ಲದಿದ್ದರೆ ಆ ಹಳೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ, ಸಂಘದ ಲೆಕ್ಕ ಇಡಬೇಡಿ. ಮಕ್ಕಳು ಟೈಪಿಂಗ್ ಕಲಿಯಲಿ, ಅಷ್ಟೇ.

ಈಗ ನಮ್ಮ ಮನೆಯ ಕತೆ. ನಿಮಗೆ ಮಾತ್ರ ಬುದ್ಧಿ ಹೇಳಿ ನಾವು ಜಾಣರೆಂದು ತೋರಿಸಿಕೊಳ್ಳುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಾನ್ವೆಂಟಿನ ಕಂಪ್ಯೂಟರಿನಲ್ಲಿ ಒಂದು ಸಂಜೆ ಇದ್ದಕ್ಕಿದ್ದಂತೆ ಕೆಂಪು ಪರದೆ ಬಂದು ಸೈರನ್ ಹೊಡೆಯತೊಡಗಿತು. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ಈ ನಂಬರಿಗೆ ಫೋನ್ ಮಾಡಿ" ಎಂದು ಬರೆದಿತ್ತು. ನಮ್ಮ ಜೊತೆಯ ವಯಸ್ಸಾದ ಸಿಸ್ಟರ್ ಗಾಬರಿಯಿಂದ ಫೋನ್ ಮಾಡಿಯೇಬಿಟ್ಟರು. ಆ ಕಡೆಯವನು ಬಹಳ ವಿನಯದಿಂದ ಮಾತಾಡಿ, ಒಂದು ಪ್ರೋಗ್ರಾಮ್ ಹಾಕಿಸಿ, ಅವನಿದ್ದಲ್ಲಿಂದಲೇ ನಮ್ಮ ಮೌಸ್ ಓಡಿಸತೊಡಗಿದ. ಏಳು ಸಾವಿರ ಕಟ್ಟಿದರೆ ಎಲ್ಲಾ ಸರಿಮಾಡುತ್ತೇನೆ ಎಂದ. ಆ ಹೊತ್ತಿಗೆ ಕರೆಂಟು ಹೋಯಿತು! ಬೆಸ್ಕಾಂ ಅನ್ನು ಬೈಯುವ ನಾವು ಅವತ್ತು ಮಾತ್ರ ದೇವರಿಗೆ ಸ್ತೋತ್ರ ಹೇಳಿದೆವು. ನಿಜವಾದ ಆಂಟಿವೈರಸ್ ಯಾವತ್ತೂ ಸೈರನ್ ಹೊಡೆದು ಫೋನ್ ನಂಬರ್ ಕೊಡುವುದಿಲ್ಲ. ಅಂಥ ಪರದೆ ಬಂದರೆ ಇಂಟರ್ನೆಟ್ ತೆಗೆದು ಕಂಪ್ಯೂಟರ್ ಆಫ್ ಮಾಡಿ. "ಆಫ್ ಮಾಡಬೇಡಿ" ಎಂದು ಬರೆದಿರುವುದೇ ನೀವು ಆಫ್ ಮಾಡಬೇಕು ಎಂಬುದಕ್ಕೆ ಗುರುತು.

ಓಟಿಪಿಯನ್ನು ನೀವೇ ಬಾಯಿಬಿಟ್ಟು ಹೇಳಿದರೆ ಲೋಕದ ಯಾವ ಆಂಟಿವೈರಸ್ಸೂ ಉಳಿಸಲಾರದು. ಹಣ ಹೋದರೆ ನಾಚಿಕೆಯಿಂದ ಎರಡು ದಿನ ಅಳುತ್ತಾ ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣವನ್ನು ನಡುವೆಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ ತಿಳಿಸಿ. ತುಮಕೂರಿನಲ್ಲೇ ಸೈಬರ್ ಅಪರಾಧಗಳಿಗೆಂದು ಸಿಇಎನ್ ಪೊಲೀಸ್ ಠಾಣೆ ಇದೆ. ಒಬ್ಬರೇ ಹೋಗಲು ಹೆದರಿಕೆಯಾದರೆ ಸಂಘದಿಂದ ನಾಲ್ಕು ಜನ ಜೊತೆಗೆ ಹೋಗಿ. ಸಂಘ ಇರುವುದು ಮತ್ಯಾಕೆ?

ಆಂಟಿವೈರಸ್ ಎಷ್ಟು ಒಳ್ಳೆಯದಾದರೂ ಅದೊಂದನ್ನೇ ನಂಬಬಾರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿಯ ರಕ್ಷಣಾ ಸಾಫ್ಟ್‌ವೇರಿನ ಒಂದು ತಪ್ಪು ಅಪ್‌ಡೇಟಿನಿಂದ ಲೋಕದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಕೆಟ್ಟು ನಿಂತವು. ಅದು ಮನೆಗಳ ಸಾಫ್ಟ್‌ವೇರಲ್ಲ, ಕಂಪೆನಿಗಳದ್ದು. ಆದರೆ ಕಾವಲುಗಾರನೇ ಎಡವಿ ಬಾಗಿಲಿಗೆ ಅಡ್ಡ ಬೀಳುವುದೂ ಉಂಟು ಎಂದು ಅವತ್ತು ಗೊತ್ತಾಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅವತ್ತು ಏನು ಮಾಡಿದರು ಗೊತ್ತೇ? ಪೆನ್ನು ಹಿಡಿದು ಕೈಯಲ್ಲೇ ಬೋರ್ಡಿಂಗ್ ಪಾಸ್ ಬರೆದು ಕೊಟ್ಟರು.

ಆದುದರಿಂದ ಪುಸ್ತಕ ಬಿಡಬೇಡಿ. ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಲೆಡ್ಜರ್, ಸದಸ್ಯರ ಪಾಸ್ ಪುಸ್ತಕ, ಇವು ಕೈಬರಹದಲ್ಲೇ ಇರಲಿ. ಕಂಪ್ಯೂಟರಿನಲ್ಲಿ ಬರೆದದ್ದನ್ನು ತಿಂಗಳ ಕೊನೆಯ ಸಭೆಗೆ ಪ್ರಿಂಟ್ ತೆಗೆದು ಎಲ್ಲರ ಮುಂದೆ ಓದಿ ರುಜು ಹಾಕಿಸಿ. ಫೈಲಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಆ ಪೆನ್‌ಡ್ರೈವನ್ನು ಲೆಕ್ಕ ಬರೆಯುವವರ ಮನೆಯಲ್ಲಿ ಅಲ್ಲ, ಅಧ್ಯಕ್ಷೆಯ ಮನೆಯ ಬೀರುವಿನಲ್ಲಿ ಇಡಿ. ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುವ ಪೆನ್‌ಡ್ರೈವಿಗೂ ವೈರಸ್ ಬೀಗ ಹಾಕುತ್ತದೆ. ಅದನ್ನು ಬೇರೆ ಕೆಲಸಕ್ಕೆ, ಜೆರಾಕ್ಸ್ ಅಂಗಡಿಗೆ ಒಯ್ಯಬೇಡಿ. ಮನೆಯ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಒಂದು ಖಾತೆ, ನಿಮಗೆ ಒಂದು ಖಾತೆ ಬೇರೆ ಬೇರೆ ಮಾಡಿಸಿ. ಹೊಸ ಪ್ರೋಗ್ರಾಮ್ ಹಾಕುವ ಅಧಿಕಾರ ಇರುವ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. "ಅಮ್ಮಂಗೆ ಏನ್ ಗೊತ್ತಾಗುತ್ತೆ" ಎಂದು ಮಗ ಮುಖ ಸಿಂಡರಿಸಬಹುದು. ಸಾಲದ ಕಂತಿನ ಪಾಸ್ ಪುಸ್ತಕ ತೋರಿಸಿ.

ಈಗ ಆ ಗುಬ್ಬಿ ಕಡೆಯ ಸಂಘಕ್ಕೆ ಬರೋಣ. ಸದಸ್ಯೆಯರ ಕೈಯಲ್ಲಿದ್ದ ಪಾಸ್ ಪುಸ್ತಕಗಳು ಅವರನ್ನು ಕಾಪಾಡಿದವು. ಹದಿನಾರರಲ್ಲಿ ಹದಿಮೂರು ಸಿಕ್ಕವು. ಒಂದನ್ನು ಮಳೆಗಾಲದಲ್ಲಿ ಗೆದ್ದಲು ತಿಂದಿತ್ತು, ಎರಡು ಎಲ್ಲೋ ಕಳೆದಿದ್ದವು. ಬ್ಯಾಂಕಿನಿಂದ ಖಾತೆಯ ವಿವರ ತಂದೆವು. ದೇವಸ್ಥಾನದ ಜಗಲಿಯ ಮೇಲೆ ನಾಲ್ಕು ಸಂಜೆ ಕುಳಿತು, ಒಬ್ಬರು ಓದುವುದು, ಒಬ್ಬರು ಬರೆಯುವುದು, ಮೂರು ವರ್ಷದ ಲೆಕ್ಕವನ್ನು ಮತ್ತೆ ಪುಸ್ತಕಕ್ಕೆ ಇಳಿಸಿದರು. ಕೊನೆಗೆ 340 ರೂಪಾಯಿ ವ್ಯತ್ಯಾಸ ಬಂತು. ಸಂಘದಲ್ಲಿ ಕಡಿಮೆ ಬಿದ್ದದ್ದಲ್ಲ, ಹೆಚ್ಚಿಗೆ ಇತ್ತು. ಅವಳೇ ಕೈಯಿಂದ ಬಸ್ ಚಾರ್ಜು ಹಾಕಿಕೊಂಡು ಬ್ಯಾಂಕಿಗೆ ಹೋಗಿ ಬಂದದ್ದನ್ನು ಖರ್ಚಿಗೆ ಬರೆದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಸುಣ್ಣಬಣ್ಣದ ಮಾತಾಡಿದ ಅಕ್ಕ ಎದ್ದು ಹೋಗಿ ಅವಳಿಗೆ ಕಾಫಿ ಮಾಡಿ ತಂದರು. ಇಬ್ಬರೂ ಏನೂ ಮಾತಾಡಲಿಲ್ಲ.

ಅವಳು ಈಗಲೂ ಲೆಕ್ಕ ಬರೆಯುತ್ತಾಳೆ, ಪುಸ್ತಕದಲ್ಲೂ, ಕಂಪ್ಯೂಟರಿನಲ್ಲೂ. ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದಾಗಿ ವಿಂಡೋಸ್ ಹಾಕಿಸಿದ್ದಾರೆ, ಡಿಫೆಂಡರ್ ಆನ್ ಇದೆ. ಬೀಗ ಬಿದ್ದ ಆ ಹಳೇ ಫೈಲುಗಳನ್ನು ಒಂದು ಡಿಸ್ಕಿನಲ್ಲಿ ಹಾಗೇ ಇಟ್ಟುಕೊಂಡಿದ್ದಾಳೆ, ಮುಂದೆ ಯಾವತ್ತಾದರೂ ಬೀಗದ ಕೈ ಸಿಕ್ಕೀತು ಎಂದು. ಸಂಘದ ಲೆಕ್ಕಕ್ಕಾಗಿ ಅಲ್ಲ, ಮಗಳ ನಾಮಕರಣದ ಫೋಟೋಗಾಗಿ.

ಮುಂದಿನ ತಿಂಗಳ ಸಭೆಗೆ ಲ್ಯಾಪ್‌ಟಾಪ್ ಇರುವವರು ತೆಗೆದುಕೊಂಡು ಬನ್ನಿ. ಚಾರ್ಜರ್ ಮರೆಯಬೇಡಿ, ಪಾಸ್‌ವರ್ಡನ್ನು ಮಗನ ಹತ್ತಿರ ಕೇಳಿಕೊಂಡೇ ಹೊರಡಿ. ಇಲ್ಲೇ ಎಲ್ಲರೂ ಕುಳಿತು ಹಸಿರು ಗುರುತು ಇದೆಯೋ ಇಲ್ಲವೋ ನೋಡೋಣ. ಈಗ ಊಟಕ್ಕೆ ಏಳಿ, ಮುದ್ದೆ ಆರಿಹೋಗುತ್ತದೆ.